ಹೊಳೆಯ ನಡುವೆ ನೀರು ಕುಡಿಯದ ಅವ್ವ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಇಪ್ಪತ್ತು ವರ್ಷದಿಂದ ಆಳಂದದ ಶಾಲೆಯಲ್ಲಿ ಪಾಠ ಹೇಳಿ ಹೇಳಿ, ಮನೆಯವರನ್ನೂ ಸಾಲಿನಲ್ಲಿ ನಿಲ್ಲಿಸುವ ಚಟ ಅಂಟಿಕೊಂಡಿದೆ. ಭೀಮಾ ಹೊಳೆಯಲ್ಲಿ ಇಡೀ ದಿನ ದೋಣಿಯಲ್ಲಿ ಸುತ್ತಾಡಿಸಿ ತೋರಿಸುತ್ತಾರೆ ಎಂದು ಕೇಳಿದ ಕೂಡಲೇ ಯಾರು ಬರಬೇಕು, ಏನು ತರಬೇಕು, ಎಷ್ಟು ಗಂಟೆಗೆ ಏಳಬೇಕು ಎಲ್ಲವನ್ನೂ ನಾನೇ ತೀರ್ಮಾನಿಸಿದೆ. ಗಂಡನಿಗೆ ರಜೆ ಸಿಗಲಿಲ್ಲ. ಇಜೇರಿಯಿಂದ ಅವ್ವ, ಅಪ್ಪ. ಆಳಂದದಿಂದ ನಾನು, ನನ್ನ ಒಂಬತ್ತು ವರ್ಷದ ಮಗಳು. ಹಿಂದಿನ ಸಂಜೆ ಗಾಣಗಾಪುರದ ಲಾಡ್ಜಿನಲ್ಲಿ ಸೇರುವುದು, ಬೆಳಿಗ್ಗೆ ಎಂಟಕ್ಕೆ ಸಂಗಮದ ದಂಡೆಯಲ್ಲಿ ದೋಣಿ ಹತ್ತುವುದು ಎಂದು ಗೊತ್ತುಮಾಡಿದೆ.

ಈ ಸುತ್ತಾಟದ ಹಿಂದೆ ಒಂದು ಕಾರಣವಿತ್ತು. ಅವ್ವನಿಗೆ ಮರೆವು ಶುರುವಾಗಿತ್ತು. ಬೇಳೆಗೆ ಎರಡು ಸಲ ಉಪ್ಪು, ಉರಿಯುವ ಗ್ಯಾಸ್ ಹಾಗೇ ಬಿಟ್ಟು ಪಕ್ಕದ ಮನೆಗೆ ಹೋಗುವುದು, ಮೊಮ್ಮಗಳು ಎಷ್ಟನೇ ತರಗತಿ ಎಂದು ಒಂದೇ ಫೋನಿನಲ್ಲಿ ಮೂರು ಸಲ ಕೇಳುವುದು. ಮುಂದಿನ ಸೋಮವಾರ ಕಲಬುರಗಿಯ ಡಾಕ್ಟರಿಗೆ ತೋರಿಸಬೇಕಿತ್ತು. ಅವರಿಗೆ ಹೇಳಲಿಕ್ಕೆಂದು ಅವ್ವ ಮರೆತದ್ದನ್ನೆಲ್ಲ ನಾನು ಮೊಬೈಲಿನಲ್ಲಿ ಬರೆದಿಡುತ್ತಿದ್ದೆ. ಆಸ್ಪತ್ರೆಯ ಮುಖ ನೋಡುವ ಮೊದಲು ಅವಳಿಗೆ ಒಂದು ಒಳ್ಳೆಯ ದಿನ ಕೊಡಬೇಕು ಎಂಬುದು ನನ್ನ ಆಸೆ. ಆ ಪಟ್ಟಿಯ ವಿಷಯ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆದರೆ ಲಾಡ್ಜಿನಲ್ಲಿ ನಾನು ಸ್ನಾನಕ್ಕೆ ಹೋದಾಗ ನನ್ನ ಮಗಳು, ತಾನು ಎಷ್ಟು ಚೆನ್ನಾಗಿ ಓದುತ್ತೇನೆ ಎಂದು ತೋರಿಸಲಿಕ್ಕೆ, ಅದನ್ನು ಪೂರ್ತಿ ಅಜ್ಜಿಗೆ ಓದಿ ಹೇಳಿದ್ದಳಂತೆ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವ. ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳ ತಗ್ಗುದಿಣ್ಣೆಗಳನ್ನು ಅವನ ಸೊಂಟ ಇನ್ನೂ ಮರೆತಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವನೊಬ್ಬ ಹಿಂದಿನ ಸೀಟಿನಿಂದ ಮುಂದಿನವರೆಗೆ ಬಗ್ಗಿ ಬಗ್ಗಿ ನೋಡುತ್ತ ಬರುತ್ತಿದ್ದ. ಕೊಡೆ, ಬುತ್ತಿಗಂಟು, ಒಮ್ಮೆ ಹೊಸ ಸೀರೆಯ ಪೊಟ್ಟಣ ಸಿಕ್ಕಿತ್ತು. ನೋಡಿ ಮುಗಿದ ಮೇಲೆ ಡ್ರೈವರಿಗೆ "ಏನೂ ಬಿಟ್ಟಿಲ್ಲ, ನಡೀರಿ" ಎನ್ನುತ್ತಿದ್ದ. ಏನಾದರೂ ಸಿಕ್ಕಿದರೆ ಅದರ ವಾರಸುದಾರರು ಮತ್ತೆ ಬಸ್ಸು ಹತ್ತಿದಾಗ ಉಳಿದವರಿಗೆ ಕಾಣದಂತೆ ಕೈಗಿಡುತ್ತಿದ್ದ. ಕಳೆದುಕೊಂಡವರ ಜೀವ ಮೊದಲೇ ಸಣ್ಣಗಾಗಿರುತ್ತದೆ, ಮಂದಿಯ ಮುಂದೆ ಕೂಗಿ ಇನ್ನಷ್ಟು ಸಣ್ಣ ಮಾಡಬಾರದು ಎಂಬುದು ಅವನ ವಾದ. ನಿವೃತ್ತನಾಗಿ ಹತ್ತು ವರ್ಷ ದಾಟಿದರೂ ಮದುವೆಮನೆಯಿಂದ ಹೊರಡುವಾಗಲೂ ಅವನು ಕೋಣೆಯನ್ನು ಒಮ್ಮೆ ಸುತ್ತಿ ನೋಡದೆ ಬರುವುದಿಲ್ಲ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಬೆಳಿಗ್ಗೆಯೂ ಉರಿಯಿತು. ಏಳೂವರೆಗೆ ನಾನು, ಮಗಳು ಚೀಲ ಹೊತ್ತು ಕೆಳಗೆ ನಿಂತಿದ್ದೆವು. ಕೋಣೆ ಖಾಲಿ ಮಾಡಿ ಕೀಲಿ ಕೊಡಬೇಕಿತ್ತು. ಅವ್ವನನ್ನು ಕೂಗಿ ಕೂಗಿ ಇಳಿಸಿದೆ. ಅಪ್ಪನನ್ನು ಇನ್ನೂ ಎರಡು ಸಲ ಕೂಗಿದ ಮೇಲೆ ಅವನು ಕೀಲಿ ಹಿಡಿದು ಬಂದ.

ಸಂಗಮದ ದಂಡೆಯಲ್ಲಿ ದೋಣಿ ಕಾಯುತ್ತಿತ್ತು. ತಗಡಿನ ನೆರಳು, ಹಿಂದೆ ಮೋಟಾರು, ಹನ್ನೆರಡು ಮಂದಿ ಕೂರುವಷ್ಟು ಜಾಗ. ನಮ್ಮ ಜೊತೆ ಮರಾಠಿ ಮಾತಾಡುವ ಒಂದು ದೊಡ್ಡ ಕುಟುಂಬವೂ ಇತ್ತು. ನಮಗೆ ಹೊಳೆ ತೋರಿಸುವವನು ಐವತ್ತು ದಾಟಿದ ಅಂಬಿಗ, ತಾನು ಸಣ್ಣವನಿದ್ದಾಗ ಇದೇ ನೀರಿನಲ್ಲಿ ಹರಗೋಲು ಹಾಕಿದವನು. ಲೈಫ್ ಜಾಕೆಟ್ ಇಲ್ಲದೆ ಒಬ್ಬರನ್ನೂ ಹತ್ತಿಸುವುದಿಲ್ಲ ಎಂದು ತಾನೇ ಒಬ್ಬೊಬ್ಬರಿಗೂ ಪಟ್ಟಿ ಬಿಗಿದ. ಅವ್ವನ ಸರದಿ ಬಂದಾಗ, ಕೊರಳಲ್ಲಿ ಒತ್ತುವಂಥದ್ದು ಏನಾದರೂ ಇದ್ದರೆ ಸ್ವಲ್ಪ ಸರಿಸಿಕೊಳ್ಳಿರಿ ಎಂದ. ಅವ್ವ ಸೆರಗಿನೊಳಗೆ ಎದೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತುಬಿಟ್ಟಿತು.

ನಮ್ಮದು ಲಿಂಗವಂತರ ಮನೆ. ಅವ್ವನಿಗೆ ಎಂಟು ವರ್ಷದವಳಿದ್ದಾಗ ಕಟ್ಟಿದ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿ, ಬಿಳಿ ಬಟ್ಟೆಯೊಳಗೆ, ಯಾವಾಗಲೂ ಎದೆಯ ಮೇಲೆ. ಅದು ಮೈಮೇಲಿಲ್ಲದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವಳಲ್ಲ. ಆ ಬೆಳಿಗ್ಗೆ ಪೂಜೆ ಮುಗಿಸಿ, ದಾರ ಸವೆದಿದೆ ಎಂದು ಹೊಸ ದಾರ ಹಾಕಲಿಕ್ಕೆ ಲಿಂಗ, ದಾರ ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು. ಅಷ್ಟರಲ್ಲಿ ಕೆಳಗಿನಿಂದ ನನ್ನ ಗಂಟಲು ಶುರುವಾಯಿತು. ಅವಸರದಲ್ಲಿ ಎದ್ದು ಬಂದಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅವಳ ಮುಖ ಬಿಳಿಚಿಕೊಂಡದ್ದನ್ನು ನೋಡಿ, ನೀರಿಗೆ ಹೆದರುತ್ತಿದ್ದಾಳೆ ಎಂದುಕೊಂಡೆ. ಕೈ ಹಿಡಿದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ಅಪ್ಪನನ್ನು ಮೊಮ್ಮಗಳ ಜೊತೆ ಎಲ್ಲರಿಗಿಂತ ಮುಂದೆ ಕೂರಿಸಿದೆ.

ಅವಳು ಯಾಕೆ ಹೇಳಲಿಲ್ಲ? ಅದನ್ನೂ ಆಮೇಲೆ ಅವಳೇ ಹೇಳಿದಳು. ಹೇಳಿದರೆ ದೋಣಿ ನಿಲ್ಲಿಸುತ್ತಾರೆ, ಮೊಮ್ಮಗಳ ದಿನ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಎರಡು ಸಲ ಉಪ್ಪು ಹಾಕಿದ್ದನ್ನೇ ಬರೆದಿಟ್ಟ ಮಗಳು ಲಿಂಗ ಮರೆತದ್ದನ್ನು ಬಿಡುತ್ತಾಳೆಯೇ? ಇದನ್ನು ಓದಿದ ಡಾಕ್ಟರು ಇನ್ನೇನು ಉಳಿಯಿತು ಎಂದುಬಿಟ್ಟರೆ? ಸಂಜೆಯವರೆಗೆ ಬಾಯಿಗೆ ಏನೂ ಹಾಕದೆ ಇದ್ದು, ಹೇಗಾದರೂ ಒಬ್ಬಳೇ ಲಾಡ್ಜಿಗೆ ಹೋಗಿ ಹುಡುಕುವುದು ಎಂದು ತೀರ್ಮಾನಿಸಿದಳು. ಆ ಕೋಣೆಗೆ ಈಗ ಯಾರು ಬಂದರೋ, ಯಾರು ಕಸ ಹೊಡೆದರೋ. ಸಿಗದಿದ್ದರೆ ಏನು ಎಂದು ನೆನೆಸಲಿಕ್ಕೆ ಧೈರ್ಯ ಬರಲಿಲ್ಲವಂತೆ.

ದೋಣಿ ಹೊರಟಿತು. ಕೆಳಗೆ ಒಡ್ಡು ಕಟ್ಟಿದ್ದರಿಂದ ಹೊಳೆ ದಡ ತುಂಬಿ ನಿಂತಿತ್ತು. ಬಲಕ್ಕೆ ಕಬ್ಬು, ಎಡಕ್ಕೆ ಕೊಯ್ದು ಒಟ್ಟಿದ ತೊಗರಿ ಕಟ್ಟಿಗೆ, ನಡುನಡುವೆ ನೀರಿಗೆ ಬಾಯಿ ಹಾಕಿದ ಪಂಪಿನ ಕೊಳವೆಗಳು. ಅಂಬಿಗ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುತ್ತ ಹೋದ. ಅಮರ್ಜಾ ಇಲ್ಲಿ ಸೇರುತ್ತಾಳೆ, ಅಲ್ಲಿ ಮಡು ಇದೆ, ಆ ಬಂಡೆಯ ತನಕ ನೀರು ಬಂದ ವರ್ಷ ನಮ್ಮ ಮನೆಯ ಗೋಡೆ ಬಿದ್ದಿತ್ತು. ನನ್ನ ಮಗಳು ಮಿಂಚುಳ್ಳಿಗಳನ್ನು ಎಣಿಸುತ್ತಿದ್ದಳು. ಬಟ್ಟೆ ಒಗೆಯುವ ಹೆಂಗಸರು ಕೈಬೀಸಿದರು. ಬೇರೆ ದಿನವಾಗಿದ್ದರೆ ಅವ್ವ ದೋಣಿಯಿಂದಲೇ ಅವರ ಊರು, ತವರು ಎಲ್ಲ ವಿಚಾರಿಸುತ್ತಿದ್ದಳು. ಅವತ್ತು ಕೈಯನ್ನೂ ಬೀಸಲಿಲ್ಲ.

ಫೆಬ್ರವರಿ ತಿಂಗಳಾದರೂ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಬಾಟಲಿ ಕೊಟ್ಟೆ. ಒಲ್ಲೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೊಟ್ಟೆ. ಹೊಟ್ಟೆ ಭಾರವಾಗಿದೆ ಎಂದಳು. ಮಜ್ಜಿಗೆಗೂ ಒಲ್ಲೆ, ಬಾಳೆಹಣ್ಣಿಗೂ ಒಲ್ಲೆ. ನಾಲ್ಕನೆಯ ಸಲಕ್ಕೆ ನನ್ನ ತಲೆ ಕೆಟ್ಟಿತು.

"ಹೊಳ್ಯಾಗ ಕುಂದ್ರಿಸಿ ಉಪವಾಸ ಮಾಡ್ಸಾಕ ನಿನ್ನ ಕರಕೊಂಡು ಬಂದೇನೇನು? ಸಣ್ಣ ಹುಡುಗಿಕಿಂತ ಕಡಿ ಆದೆಲ್ಲ" ಎಂದುಬಿಟ್ಟೆ.

ಮರಾಠಿ ಕುಟುಂಬ ತಿರುಗಿ ನೋಡಿತು. ಅವ್ವ ನನ್ನ ಕಡೆಗೂ ನೋಡಲಿಲ್ಲ, ನೀರಿನ ಕಡೆಗೂ ನೋಡಲಿಲ್ಲ, ತನ್ನ ಉಗುರು ನೋಡುತ್ತ ಕುಳಿತಳು. ಆ ಮಾತು ನೆನಪಾದರೆ ಇವತ್ತಿಗೂ ನನಗೆ ನನ್ನ ಬಾಯಿಯ ಮೇಲೆಯೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮುಂದಿನಿಂದ ಅಪ್ಪ ಎದ್ದು ನಿಂತ. ನಮ್ಮ ಕಡೆ ಬರಲಿಕ್ಕೆ ಒಂದು ಹೆಜ್ಜೆ ಇಟ್ಟ. ದೋಣಿ ವಾಲುತ್ತದೆ, ಕುಳಿತುಕೋ ಎಂದು ಗದರಿಸಿದೆ. ಕುಳಿತ. ಅರ್ಧ ಗಂಟೆಯ ಮೇಲೆ ಮತ್ತೆ ಎದ್ದ, ಮತ್ತೆ ಗದರಿಸಿದೆ. ಈ ಸಲ ಅಂಬಿಗನೂ ನನ್ನ ಜೊತೆ ಸೇರಿಕೊಂಡು, ಕುಂದರ್ರಿ ಅಜ್ಜಾರ ಎಂದ. ಜೀವಮಾನವಿಡೀ ಬಸ್ಸಿನಲ್ಲಿ ನಿಂತೇ ದುಡಿದವನಿಗೆ ಕೂರಲಿಕ್ಕೆ ಬರುವುದಿಲ್ಲ ಎಂದು ಮುಂದೆ ಕುಳಿತಿದ್ದ ಮಗಳಿಗೆ ಕೂಗಿ ಹೇಳಿ ನಕ್ಕೆ.

ಮಧ್ಯಾಹ್ನ ಒಂದಕ್ಕೆ ದೋಣಿ ಉಸುಕಿನ ದಿಣ್ಣೆಯೊಂದಕ್ಕೆ ಹತ್ತಿತು. ಜಾಕೆಟ್ಟುಗಳನ್ನು ಬಿಚ್ಚಿ ರಾಶಿ ಹಾಕಿದೆವು. ಜಾಲಿಗಿಡದ ನೆರಳಿನಲ್ಲಿ ಅವ್ವ ತಾನು ಇಜೇರಿಯಿಂದ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು, ಮೊಮ್ಮಗಳಿಗೆಂದು ಶೇಂಗಾ ಹೋಳಿಗೆ. ಎಲ್ಲರಿಗೂ ಬಡಿಸಿದಳು, ಆ ಮರಾಠಿ ಕುಟುಂಬಕ್ಕೂ ಹೋಳಿಗೆ ಕೊಟ್ಟು ಬಂದಳು, ಅಂಬಿಗನಿಗೆ ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು. ತನ್ನ ತಟ್ಟೆ ಮಾತ್ರ ಖಾಲಿ. ಅವಳ ತುಟಿಗಳು ಒಣಗಿ ಬಿರಿದಿದ್ದವು.

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ತಟ್ಟೆ ಕಂಡಿತು. ಅವನೂ ರೊಟ್ಟಿ ಮುರಿದಿರಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಅವ್ವನನ್ನೇ ನೋಡುತ್ತಿದ್ದ. ಹಣೆಯ ಮೇಲೆ ಬೆವರು. ಅವನಿಗೆ ಬಿ.ಪಿ. ಇದೆ, ವಯಸ್ಸು ಎಪ್ಪತ್ತು ದಾಟಿದೆ, ನಾವು ಹೊಳೆಯ ನಡುವಿನ ಉಸುಕಿನ ಮೇಲಿದ್ದೇವೆ. ಎದೆನೋವೇನು ಎಂದೆ. ಅಲ್ಲ ಎಂದು ತಲೆ ಅಲ್ಲಾಡಿಸಿದ, ಆದರೆ ಕೈ ತೆಗೆಯಲಿಲ್ಲ. ಅಂಬಿಗ ಮೋಟಾರಿನ ಕಡೆ ಓಡಿದ. ನಾನು ಅಪ್ಪನ ಕೈ ಸರಿಸಿ ಅಂಗಿಯ ಗುಂಡಿಗಳನ್ನು ಎಳೆದು ಬಿಚ್ಚಿದೆ.

ಅಂಗಿಯ ಒಳಗೆ, ಬನಿಯನ್ನಿನ ಮೇಲೆ, ಹೊಸ ಬಿಳಿ ದಾರದಲ್ಲಿ ಅವ್ವನ ಲಿಂಗವಿತ್ತು.

ಅಪ್ಪ ಸ್ವಂತ ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟು ಮೂವತ್ತು ವರ್ಷವಾಗಿತ್ತು. ಕಂಡಕ್ಟರ್ ಚೀಲದ ತೊಗಲಿನ ಪಟ್ಟಿ ಅದರ ಮೇಲೆಯೇ ಒರಸಿ ದಾರ ಎರಡು ಸಲ ಹರಿದಿತ್ತು. ಅಂದಿನಿಂದ ಅದನ್ನು ದೇವರ ಮಾಡದಲ್ಲಿಟ್ಟು ಮನೆಯಲ್ಲಿದ್ದಾಗಷ್ಟೇ ಕೈಮುಗಿಯುತ್ತಿದ್ದ. ಅಂಥವನ ಕೊರಳಲ್ಲಿ ಇದನ್ನು ನೋಡಿ ನಾನು ಅಂಗಿ ಬಿಟ್ಟು ಹಿಂದೆ ಸರಿದೆ. ಅವ್ವ ಮೊಣಕಾಲೂರಿ ಹತ್ತಿರ ಬಂದಳು.

"ಖಿಡಕಿ ಮ್ಯಾಲ ಇತ್ತು" ಎಂದ ಅಪ್ಪ, ಅವಳೊಬ್ಬಳಿಗೇ ಕೇಳುವಂತೆ. "ಕಿಸೆದಾಗ ಇಡೋದಲ್ಲ ಅಂತ ಕೊಳ್ಳಾಗ ಹಾಕ್ಕೊಂಡೆ. ಮುಂಜಾನಿಂದ ನಿನಗ ಹೇಳಬೇಕಂತ ನೋಡಾಕತ್ತೇನಿ, ಮಂದಿ ಮುಂದ ಹೆಂಗ ಹೇಳ್ಲಿ?"

ಮಂದಿ ಎಂದಾಗ ಅವನ ಕಣ್ಣು ಮರಾಠಿ ಕುಟುಂಬದ ಕಡೆ ಹೋಗಲಿಲ್ಲ. ನನ್ನ ಕಡೆ ಬಂತು. ಅದು ನನಗೆ ಅಲ್ಲೇ ಅರ್ಥವಾಯಿತು. ಹೆತ್ತವರಿಬ್ಬರೂ ಇಡೀ ದಿನ ನನ್ನಿಂದ ಒಂದು ಮರೆವನ್ನು ಬಚ್ಚಿಟ್ಟುಕೊಂಡು ಕುಳಿತಿದ್ದರು, ಅದೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ದುಃಖವಾಯಿತು.

ಅವ್ವ ಅತ್ತಳು. ಅಳುತ್ತಲೇ, ನೀವು ಯಾಕೆ ಉಣ್ಣಲಿಲ್ಲ ಎಂದು ಅವನನ್ನು ಗದರಿಸಿದಳು. ನೀನು ನೀರು ಕುಡಿದಿಲ್ಲ ಎಂದು ನನಗೆ ಗೊತ್ತಿತ್ತಲ್ಲ ಎಂದು ಅಪ್ಪ ದಾರದ ಗಂಟು ಬಿಚ್ಚಲಿಕ್ಕೆ ಹೋದ. ಟಿಕೀಟಿನ ಕಟ್ಟುಗಳಿಗೆ ಹಾಕುವಂಥ ಗಂಟು ಹಾಕಿದ್ದ, ಅವನ ಬೆರಳಿಗೇ ಬಿಚ್ಚಲಿಕ್ಕೆ ಬರಲಿಲ್ಲ. ಕೊನೆಗೆ ನನ್ನ ಮಗಳು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಅವ್ವ ಹೊಳೆಯಲ್ಲಿ ಕೈಕಾಲು ಮುಖ ತೊಳೆದು ಬಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಳು. ಮೋಟಾರು ಚಾಲೂ ಮಾಡಿದ್ದ ಅಂಬಿಗ ಅದನ್ನು ಕಂಡು ಸದ್ದು ನಿಲ್ಲಿಸಿದ. ಆಮೇಲೆ ಅವಳು ಕೊರಳಿಗೆ ಕಟ್ಟಿಕೊಂಡು, ಬಾಟಲಿಯ ನೀರನ್ನು ಅರ್ಧ ಕುಡಿದು, ಉಳಿದರ್ಧವನ್ನು ಅಪ್ಪನಿಗೆ ಕೊಟ್ಟಳು.

ಊಟ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಆ ಮೊಬೈಲ್ ತಗಿ. ಲಿಂಗ ಮರತ್ಲು ಅಂತ ಬರಕೋ" ಎಂದಳು. ನಾನು ಬೇಡ ಎಂದೆ. "ಬರಕೋ ಬೇ, ಡಾಕ್ಟರಿಗೆ ಸುಳ್ಳು ಹೇಳಬಾರ್ದು. ಆದ್ರ ಅದರ ಕೆಳಗ, ಇವ್ರು ತಿರಿಗಿ ನೋಡಿ ತಂದ್ರು ಅಂತನೂ ಬರಿ."

ಅಲ್ಲೇ ಉಸುಕಿನ ಮೇಲೆ ಕುಳಿತು ಎರಡನ್ನೂ ಬರೆದೆ. ತಿರುಗಿ ಹೊರಟಾಗ ಅವರಿಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿ, ನಾನು ಮುಂದೆ ಹೋಗಿ ಮಗಳ ಜೊತೆ ಮಿಂಚುಳ್ಳಿ ಎಣಿಸಿದೆ. ಹಿಂದಿನಿಂದ ಅವ್ವನ ಗಂಟಲು ಕೇಳುತ್ತಿತ್ತು. ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸೊಬ್ಬಳಿಗೆ, ನಿಮ್ಮ ತವರು ಯಾವುದು ಎಂದು ಕೂಗಿ ಕೇಳುತ್ತಿದ್ದಳು.

ಸೋಮವಾರ ಕಲಬುರಗಿಯ ಡಾಕ್ಟರು ನನ್ನ ಪಟ್ಟಿಯನ್ನು ಓದಿದರು. ಕೊನೆಯ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದರು. ಮರೆವಿನ ಕಾಯಿಲೆ ಶುರುವಾಗಿದೆ, ಔಷಧಿಯಿಂದ ಸ್ವಲ್ಪ ನಿಧಾನವಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದು ನಮಗೆ ಮುಚ್ಚುಮರೆ ಇಲ್ಲದೆ ಹೇಳಿದರು. ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂದು ಕೇಳಿದಾಗ ಅವ್ವ ಅಪ್ಪನನ್ನು ತೋರಿಸಿದಳು.

ಚೀಟಿ ಬರೆಸಿಕೊಂಡು ನಾವು ಎದ್ದೆವು. ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. ಅವ್ವ ಬಾಗಿಲ ಹತ್ತಿರ ನಿಂತಳು, ನಾನೂ ಅವಳ ಪಕ್ಕದಲ್ಲಿ ನಿಂತೆ. ಅಪ್ಪ ನಾವು ಕುಳಿತಿದ್ದ ಮೂರು ಕುರ್ಚಿಗಳನ್ನೂ ಒಂದೊಂದಾಗಿ ಬಗ್ಗಿ ನೋಡಿದ. ಅವಸರ ಮಾಡು ಎಂದು ನಾನು ಹೇಳಲಿಲ್ಲ. ಅವನು ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮ ಕಡೆ ಬಂದ.

"ಏನೂ ಬಿಟ್ಟಿಲ್ಲ, ನಡೀರಿ" ಎಂದ.