ವಿಮಾನಕ್ಕೆ ಕೀಲೆಣ್ಣೆ

ಮದ್ದೂರಿನ ಅಬ್ದುಲ್ ವಹಾಬರಿಗೆ ವಿಮಾನದ ಕಾಲುಭಾಗ ಮಾತ್ರ ಗೊತ್ತಿತ್ತು. ಕಾಲುಭಾಗವೆಂದರೆ ನಾಲ್ಕರಲ್ಲಿ ಒಂದು ಪಾಲಲ್ಲ, ಕಾಲಿನ ಭಾಗ. ವಿಮಾನ ನೆಲಕ್ಕೆ ಊರುವ ಎರಡು ಕಾಲು, ಕಾಲಿಗೊಂದು ಚಕ್ರ, ಚಕ್ರದ ಒಳಗಡೆ ಬ್ರೇಕು. ಅದರಿಂದಾಚೆಗೆ ಮೇಲೆ ಏನಿದೆ ಎಂದು ಯಾರಾದರೂ ಕೇಳಿದರೆ, "ಅದು ಮಹಡಿ ಮೇಲಿನವರ ವಿಚಾರ, ನಮಗ್ಯಾಕೆ" ಅನ್ನುತ್ತಿದ್ದರು. ಮೂರು ವರ್ಷ ವಿಮಾನಗಳ ನಡುವೆ ಬದುಕಿದ ಈ ಮನುಷ್ಯ ಒಂದು ಸಲವೂ ತಲೆ ಎತ್ತಿ ರೆಕ್ಕೆ ನೋಡಿದ್ದಿಲ್ಲ. ಕಾಲು ನೋಡಿಯೇ ಯಾವ ವಿಮಾನ ಎಂದು ಹೇಳುತ್ತಿದ್ದರು. ಹಿರಿಯರನ್ನು ಅವರವರ ಪಾದದಿಂದಲೇ ಗುರುತಿಸುವ ಸೊಸೆಯ ಹಾಗೆ.

ಅವರ ಅಪ್ಪ ಶಿಂಷಾ ಹೊಳೆಗೆ ಇಳಿಯುವ ದಾರಿಯ ಪಕ್ಕ ಎತ್ತಿನಗಾಡಿಗಳಿಗೆ ಬಿರಿ ಕಟ್ಟುತ್ತಿದ್ದವರು. ಇಳಿಜಾರಿನಲ್ಲಿ ಗಾಡಿ ಎತ್ತಿನ ಮೇಲೆ ನುಗ್ಗದ ಹಾಗೆ ಹಿಂದಿನಿಂದ ಗಾಲಿಯನ್ನು ಒತ್ತಿ ಹಿಡಿಯುವ ಮರದ ತುಂಡಿಗೆ ನಮ್ಮ ಕಡೆ ಬಿರಿ ಅನ್ನುತ್ತಾರೆ. ವಹಾಬರು ಬಿರಿಯಿಂದ ಬಸ್ಸಿನ ಬ್ರೇಕಿಗೆ ಬಡ್ತಿ ಪಡೆದರು. ಯುದ್ಧ ಬಂದ ಮೇಲೆ ಬಸ್ಸಿನಿಂದ ವಿಮಾನಕ್ಕೆ. ಬೆಂಗಳೂರಿನ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿ ಅವರನ್ನು ಬ್ರೇಕ್ ಇನ್ಸ್‌ಪೆಕ್ಟರ್ ಮಾಡಿದರು. ಕೈಗೆ ಎರಡು ಬಣ್ಣದ ಚೀಟಿ ಕೊಟ್ಟರು. ಹಸಿರು ಚೀಟಿ ಕಟ್ಟಿದರೆ ವಿಮಾನ ಹೋಗಬಹುದು, ಕೆಂಪು ಕಟ್ಟಿದರೆ ವೈಸರಾಯರು ಒಳಗೆ ಕೂತಿದ್ದರೂ ಕದಲಬಾರದು.

ಚೀಟಿಯ ಮೇಲೆ ಮೂರು ಕಲಂ ಇದ್ದವು. ದೋಷ ಏನು, ದೋಷಕ್ಕೆ ಕಾರಣ ಯಾರು, ಸರಿಪಡಿಸಿದವರು ಯಾರು. ಶೆಡ್ಡಿನ ನಿಯಮ ಸರಳ. ಎರಡನೆಯ ಮತ್ತು ಮೂರನೆಯ ಕಲಮಿನಲ್ಲಿ ಒಂದೇ ಹೆಸರಿದ್ದರೆ, ಅಂದರೆ ಕೆಡಿಸಿದವನೇ ಸರಿಪಡಿಸಿದ್ದರೆ, ಯಾರೂ ಏನೂ ಕೇಳುತ್ತಿರಲಿಲ್ಲ. ಹೆಸರು ಬೇರೆ ಬೇರೆಯಾಗಿದ್ದರೆ ಎರಡನೆಯ ಕಲಮಿನವನು ಮನೆಗೆ. ಕಾನ್ವೆಂಟಿನಲ್ಲಿ ಕಲಿತ ನನ್ನಂಥವರಿಗೆ ಇದು ಹೊಸದೇನಲ್ಲ. ತಪ್ಪು ಒಪ್ಪಿಕೊಂಡು ನೆಲ ಒರೆಸಿದರೆ ಸಿಸ್ಟರ್ ಕ್ಷಮಿಸಿಬಿಡುತ್ತಿದ್ದರು, ಬೇರೆಯವಳು ಒರೆಸಿದರೆ ಮಂಡಿಯೂರಿಸುತ್ತಿದ್ದರು.

ವಹಾಬರ ಭಾವಮೈದುನ ಮಜೀದ್ ಅದೇ ಶೆಡ್ಡಿನಲ್ಲಿದ್ದ. ಒಂದು ಮಧ್ಯಾಹ್ನ ಬ್ರೇಕಿನ ನಟ್ಟು ಬಿಗಿ ಮಾಡದೆ ಊಟಕ್ಕೆ ಹೋದ. ಬೇರೆಯವನು ಬಿಗಿ ಮಾಡಿದ. ವಹಾಬರು ಎರಡನೆಯ ಕಲಮಿನಲ್ಲಿ ಮಜೀದ್ ಎಂದು ದುಂಡಗೆ ಬರೆದರು. ಮಜೀದ್ ಮದ್ದೂರಿಗೆ ವಾಪಸು ಬಂದು ಬೀಡಿ ಅಂಗಡಿ ಹಾಕಿದ.

"ನನ್ನ ಒಡಹುಟ್ಟಿದ ತಮ್ಮನ ಹೆಸರು ಬರೆಯೋಕೆ ನಿಮಗೆ ಕೈ ಹೆಂಗೆ ಬಂತು?" ಎಂದು ಹೆಂಡತಿ ಜಾನ್ ಬೀ ಕೇಳಿದರು.

"ಕೈ ಬರಲಿಲ್ಲ. ಪೆನ್ಸಿಲ್ ಬಂತು" ಅಂದರು ವಹಾಬರು.

ಹದಿನೆಂಟು ದಿನ ಜಾನ್ ಬೀ ಅನ್ನಕ್ಕೆ ಸಾರು ಹಾಕಲಿಲ್ಲ. ಹತ್ತೊಂಬತ್ತನೆಯ ದಿನ ಸಾರು ಬಂತು, ಉಪ್ಪಿರಲಿಲ್ಲ. ವಹಾಬರು ಅಂದಿನಿಂದ ಉಪ್ಪಿಲ್ಲದ ಸಾರನ್ನೇ ಉಂಡರು, ಹೆಸರು ಮಾತ್ರ ಅಳಿಸಲಿಲ್ಲ.

ಇಂಥ ಮನುಷ್ಯ ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ, ಸಂಕ್ರಾಂತಿ ಕಳೆದು ಮೂರು ವಾರಕ್ಕೆ, ರಜೆಯಲ್ಲಿ ಮದ್ದೂರಿಗೆ ಬಂದಿದ್ದಾಗ ಕೊಪ್ಪದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಒಂದು ವಿಮಾನ ಇಳಿಯಿತು. ಇಳಿಯಿತು ಅನ್ನುವುದಕ್ಕಿಂತ ಇಳಿಯಬೇಕಾಯಿತು. ಒಂಟಿ ಎಂಜಿನ್ನಿನ ಸಣ್ಣ ವಿಮಾನ, ಒಳಗೆ ಒಬ್ಬನೇ ಇಂಗ್ಲಿಷ್ ಪೈಲಟ್. ಪೆಟ್ರೋಲು ಬರುವ ಕೊಳವೆಯಲ್ಲಿ ಕಸ ಸಿಕ್ಕಿತ್ತು. ಅದನ್ನು ಅವನೇ ಊದಿ ತೆಗೆದ. ಆದರೆ ಗದ್ದೆಯ ಬದುಗಳ ಮೇಲೆ ಕುಣಿದು ನಿಂತ ವಿಮಾನವನ್ನು ಬ್ರೇಕು ಪರೀಕ್ಷೆಯಾಗದೆ ಮತ್ತೆ ಹಾರಿಸುವ ಹಾಗಿರಲಿಲ್ಲ. ತಂತಿ ಹೋಯಿತು, ತಂತಿ ಬಂತು. ಇನ್ಸ್‌ಪೆಕ್ಟರ್ ವಹಾಬ್ ಮದ್ದೂರಿನಲ್ಲೇ ಇದ್ದಾನೆ, ಅವನ ಚೀಟಿ ಪಡೆದು ಹೊರಡು. ಅದರ ಬಾಲಕ್ಕೆ ಇನ್ನೊಂದು ಸಾಲು ಪೊಲೀಸರಿಗೆ: ವಿಮಾನವನ್ನು ಯಾರಾದರೂ ಕೆಡಿಸಿದ್ದು ಕಂಡರೆ ಹೆಸರು ಬರೆದುಕೊಂಡು ಆಸಾಮಿಯನ್ನು ಮಂಡ್ಯಕ್ಕೆ ಕಳಿಸತಕ್ಕದ್ದು.

ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಏರಿನಲ್ಲಿ ಮೂರು ಸಲ ನಿಂತಿತು, ಬ್ರೇಕು ಒತ್ತದೆಯೇ. ಹಾಗಾಗಿ ತಡೆಯ ಇನ್ಸ್‌ಪೆಕ್ಟರು ತಡವಾಗಿ ತಲುಪಿದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ವಹಾಬರು ಅಭ್ಯಾಸದಂತೆ ರೆಕ್ಕೆಯ ಕಡೆ ನೋಡದೆ ನೇರ ಚಕ್ರದ ಹತ್ತಿರ ಕೂತು ಮೂಗು ಅರಳಿಸಿದರು.

"ಅರಳೆಣ್ಣೆ ವಾಸ್ನೆ ಬತ್ತಾ ಐತಲ್ಲ."

"ಬರ್ದೆ ಇನ್ನೇನು?" ಅಂದರು ಗುಂಪಿನ ಮುಂದೆ ನಿಂತಿದ್ದ ಚಿಕ್ಕಬೋರಮ್ಮ. ವಿಮಾನ ಇಳಿದದ್ದು ಅವರ ಗದ್ದೆಯಲ್ಲಿ. ಅರವತ್ತು ದಾಟಿದ ವಿಧವೆ, ಎರಡು ಜೊತೆ ಹಳ್ಳಿಕಾರ್ ಎತ್ತು ಕಟ್ಟಿಕೊಂಡು ಸ್ವಂತ ಬೇಸಾಯ ಮಾಡಿಸುತ್ತಿದ್ದರು. ಕೈಯಲ್ಲಿ ಇನ್ನೂ ಎಣ್ಣೆ ಹೊಯ್ಯುವ ಬಿದಿರಿನ ಗೊಟ್ಟ ಇತ್ತು. "ನಮ್ಮನೇಲೇ ಕಾಯಿಸಿದ್ದು. ಉಲ್ಲು ಸುಟ್ಟ ಕರಿ ಬೆರಸಿ ಎರಡು ಗಾಲಿಗೂ ಒಂದೊಂದು ಸೇರು ಉಯ್ದಿವ್ನಿ. ನಮ್ಮಟ್ಟಿಗೆ ಬಂದ ಗಾಡಿ ಕೀಲೆಣ್ಣೆ ಇಲ್ದೆ ವಾಪಸ್ ಓಗಿರೋದು ಉಂಟಾ, ಸಾಬಣ್ಣ?"

ಇರಲಿಲ್ಲ. ಕೊಪ್ಪಕ್ಕೆ ನೆಂಟರು ಬಂದರೆ ಮೊದಲು ಎತ್ತಿಗೆ ಹುಲ್ಲು, ಆಮೇಲೆ ಗಾಲಿಗೆ ಎಣ್ಣೆ, ಆಮೇಲೆ ನೆಂಟರಿಗೆ ನೀರು. ಈ ನೆಂಟನಿಗೆ ಎತ್ತು ಇರಲಿಲ್ಲವಾದ್ದರಿಂದ ಅವರು ಎರಡನೆಯ ಮರ್ಯಾದೆಯಿಂದ ಶುರು ಮಾಡಿದ್ದರು.

"ಅವ್ವಾ, ಇದು ಗಾಡಿ ಅಲ್ಲ ಕಣವ್ವ."

"ಗಾಲಿ ಐತಲ್ಲ."

"ಗಾಲಿ ಒಳಗೆ ಬಿರಿ ಐತೆ. ಬಿರಿಗೆ ಎಣ್ಣೆ ಬಿದ್ರೆ ಇಡಿಯಾಕಿಲ್ಲ. ಈ ದೊರೆ ಬೆಂಗಳೂರ್ನಾಗೆ ಇಳ್ದು ನಿಲ್ಲು ಅಂದ್ರೆ ಇದು ನಿಲ್ಲಾಕಿಲ್ಲ. ನೇರ ಗೋಡೆಗೇ ಓಯ್ತದೆ."

"ಬಿರೀನ ಒಳಗಡೆ ಮಡಗ್ದೋನು ಯಾವನು? ನಮ್ ಗಾಡೀದು ಆಚೆಗೆ ಕಾಣಂಗೆ ಇರ್ತದೆ. ಮುಚ್ಚಿಟ್ಕೊಂಡೋನ್ದು ತಪ್ಪೋ, ಎಣ್ಣೆ ಕೊಟ್ಟೋಳ್ದು ತಪ್ಪೋ?"

ಕಾವಲಿಗಿದ್ದ ಪೊಲೀಸ್ ದಫೇದಾರ್ ಲಿಂಗಯ್ಯ ಈಗ ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. "ಸಾಬ್ರೆ, ಇದು ವಿಮಾನ ಕೆಡಿಸಿದಂಗೇ ಆಯ್ತು. ಯುದ್ಧದ ಟೈಮು. ಅವರ ಹೆಸರು ಚೀಟೀಲಿ ಬರ್ಕೊಡಿ, ಮಂಡ್ಯಕ್ಕೆ ಕರ್ಕೊಂಡು ಓಯ್ತೀನಿ."

"ಎಣ್ಣೆ ಉಯ್ಯುವಾಗ ನೀವೆಲ್ಲಿದ್ರಿ?"

"ಇಲ್ಲೇ. ಕಾವಲಲ್ಲಿ."

"ಇದ್ರು, ಇದ್ರು" ಅಂದರು ಚಿಕ್ಕಬೋರಮ್ಮ. "ಚೆಲ್ಲದಂಗೆ ಗೊಟ್ಟದ ಬುಡ ಇಡ್ಕೊಂಡಿದ್ರು."

ಲಿಂಗಯ್ಯ ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಬಹಳ ಹೊತ್ತು ಒರೆಸಿದರು. ಬಿಲ್ಲೆ ಹೊಳೆಯಿತು, ಅವರ ಭಯ ಕಡಿಮೆಯಾಗಲಿಲ್ಲ. ಚಿಕ್ಕಬೋರಮ್ಮನ ಹೆಸರು ಸಿಗದಿದ್ದರೆ ಸಿಗುವ ಹೆಸರು ಯಾವುದೆಂದು ಅವರಿಗೆ ಗೊತ್ತಿತ್ತು.

"ಮಂಡ್ಯಕ್ಕೆ ಓಗಾಕೆ ನಂಗೇನ್ ಎದರಿಕೆ, ಬುಡು" ಎಂದರು ಚಿಕ್ಕಬೋರಮ್ಮ. "ಆದ್ರೆ ನನ್ನೆಮ್ಮೆ ಬ್ಯಾರೆಯವರ ಕೈಗೆ ಆಲು ಕೊಡಾಕಿಲ್ಲ. ಎಷ್ಟು ದಿನ ಮಡಿಕತಾರೆ?"

ಚಳವಳಿಯ ಗಲಾಟೆಯಲ್ಲಿ ಹಳಿ ಕಿತ್ತವರು, ತಂತಿ ಕತ್ತರಿಸಿದವರು ಎಂದು ಹಿಡಿದುಕೊಂಡು ಹೋದವರು ವರ್ಷವಾದರೂ ಬಂದಿರಲಿಲ್ಲ. ಮಂಡ್ಯದಲ್ಲಿ ಕೂತ ಸಾಹೇಬನಿಗೆ ಕೀಲೆಣ್ಣೆಯ ಮರ್ಯಾದೆಯನ್ನು ಯಾವ ಭಾಷೆಯಲ್ಲಿ ವಿವರಿಸುವುದು? ವಹಾಬರು ಜೇಬಿನ ಪೆನ್ಸಿಲ್ ಮುಟ್ಟಿ ನೋಡಿಕೊಂಡರು. ಸ್ವಂತ ಭಾವಮೈದುನನಿಗೋಸ್ಕರವೂ ಸುಳ್ಳು ಹೇಳದ ಪೆನ್ಸಿಲ್ಲು.

ಅವರು ಚಕ್ರದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಹೊಂಗೆ ಮರದ ಕೆಳಗೆ ಕೂತು ಕೈ ಕಟ್ಟಿಕೊಂಡರು.

"ಅವ್ವಾ, ತಲೆಗೆ ಎಣ್ಣೆ ಒತ್ಕೊಂಡ್ರೆ ಏನಾಕಿ ತೊಳೀತೀರಿ?"

"ಸೀಗೇಪುಡಿ. ಯಾಕೆ, ನಿಮ್ಮನೇಲಿ ಇಲ್ವಾ?"

"ತನ್ನಿ. ಬಿಸಿನೀರೂ ತನ್ನಿ. ನೀವೇ ತೊಳೀಬೇಕು, ಇನ್ಯಾರೂ ಕೈ ಆಕಂಗಿಲ್ಲ."

ಹತ್ತು ಜನ ರೆಕ್ಕೆಗೆ ಹೆಗಲು ಕೊಟ್ಟರು. ಕೆಳಗೆ ಒರಳುಕಲ್ಲು ಬೋರಲು ಹಾಕಿ ವಿಮಾನದ ಒಂದೊಂದೇ ಕಾಲನ್ನು ಅದರ ಮೇಲಿಟ್ಟರು. ಪೈಲಟ್ ತನ್ನ ಸ್ಪ್ಯಾನರಿನಿಂದ ಚಕ್ರ ಬಿಚ್ಚಿಕೊಟ್ಟ. ಹಂಡೆ ಬಂತು, ಸೀಗೇಪುಡಿ ಬಂತು. ಚಿಕ್ಕಬೋರಮ್ಮ ಸೆರಗು ಸಿಕ್ಕಿಸಿ ಕೂತು ಬ್ರೇಕಿನ ಪಟ್ಟಿಗಳಿಗೆ ಸೀಗೆ ಹಚ್ಚಿ ತಿಕ್ಕಿದರು. ಆಮೇಲೆ ತಾಮ್ರದ ಚೊಂಬು ಬೆಳಗುವ ಇಟ್ಟಿಗೆ ಪುಡಿ ಹಾಕಿ ಇನ್ನೊಮ್ಮೆ. ಮತ್ತೆ ಬಿಸಿನೀರು.

"ಏನು ನಡೀತಿದೆ?" ಎಂದು ಪೈಲಟ್ ಇಂಗ್ಲಿಷಿನಲ್ಲಿ ಕೇಳಿದ.

"ಹೆಡ್ ಬಾತ್, ಸರ್" ಅಂದರು ವಹಾಬರು, ಕೂತಲ್ಲಿಂದಲೇ.

"ನೀನೇನಯ್ಯಾ, ಮದುವೆಗೆ ಬಂದ ಬೀಗನಂಗೆ ಕುಂತಿದ್ದೀಯ" ಎಂದು ಚಿಕ್ಕಬೋರಮ್ಮ ಗದರಿದರು. "ಒಂದ್ ಚೊಂಬು ನೀರಾದ್ರೂ ಉಯ್ಯಿ."

"ಉಯ್ಯಾಕಿಲ್ಲ."

"ಮುದುಕಿ ಸೊಂಟ ಬಿದ್ದೋಯ್ತದೆ ಕಣಪ್ಪ."

"ಬೀಳ್ಲಿ. ನಾನು ಮುಟ್ಟಾಕಿಲ್ಲ."

ಗುಂಪಿನಲ್ಲಿ ಗೊಣಗಾಟ ಎದ್ದಿತು. ಬೆಂಗಳೂರಿಗೆ ಹೋಗಿ ಬಂದವರಿಗೆ ಕೊಬ್ಬು ಎಂದು ಯಾರೋ ಅಂದರು. ವಹಾಬರ ಕಿವಿ ಕೆಂಪಾಯಿತು, ಕೈ ಬಿಚ್ಚಲಿಲ್ಲ. ಚಿಕ್ಕಬೋರಮ್ಮನೇ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಪಟ್ಟಿಗಳನ್ನು ಕಾಯಿಸಿದರು. ಬಾಣಂತಿಯ ಕೂದಲಿಗೆ ಹೊಗೆ ಕೊಡುವ ಹಾಗೆ ತಿರುಗಿಸಿ ಮುರುಗಿಸಿ ಒಣಗಿಸಿದರು. ಪೈಲಟ್ ಚಕ್ರ ಜೋಡಿಸಿದ.

ಇನ್ನು ಪರೀಕ್ಷೆ. ಎಂಜಿನ್ನು ಜೋರಾಗಿ ಓಡಿಸಿ ಬ್ರೇಕು ಹಿಡಿಯುತ್ತದೆಯೇ ನೋಡುವುದು ಶೆಡ್ಡಿನ ಕ್ರಮ. ಆದರೆ ಇರುವ ಪೆಟ್ರೋಲು ಬೆಂಗಳೂರಿಗೆ ಸರಿಯಾಗುವಷ್ಟೇ. ವಹಾಬರು ಸುತ್ತ ನೋಡಿದರು. ಚಿಕ್ಕಬೋರಮ್ಮನ ಎರಡು ಜೊತೆ ಎತ್ತು ಬದುವಿನ ಮೇಲೆ ಮೆಲುಕು ಹಾಕುತ್ತಿದ್ದವು.

"ಕಟ್ಟಿ ಎಳೆಸಿ. ದೊರೆ ಒಳಗೆ ಕೂತು ಬಿರಿ ಒತ್ತಲಿ. ಚಕ್ರ ಉರುಳಿದ್ರೆ ಬಿರಿ ಕೆಟ್ಟೈತೆ ಅಂತ ಲೆಕ್ಕ. ಉರುಳದಿದ್ರೆ ಸರಿಯಾಯ್ತು." ಆಮೇಲೆ ಚಿಕ್ಕಬೋರಮ್ಮನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಅವ್ವಾ, ಚಕ್ರ ಉರುಳಿದ್ರೆ ನೀವು ಮಂಡ್ಯಕ್ಕೆ. ಎತ್ತು ಸೋತ್ರೆ ಮನೆಗೆ. ತಿಳೀತಾ?"

"ತಿಳೀತು ಕಣಪ್ಪ" ಅಂದರು ಚಿಕ್ಕಬೋರಮ್ಮ.

ಹಗ್ಗ ಬಿಗಿದರು. ಎರಡೂ ಟೈರಿನ ಮೇಲೆ, ಅದಕ್ಕೆ ನೇರವಾಗಿ ಕಾಲಿನ ಮೇಲೂ, ವಹಾಬರು ಸುಣ್ಣದ ಗೆರೆ ಎಳೆದರು. ಲಿಂಗಯ್ಯ ಮಂಡಿಯೂರಿ ಗೆರೆಗೆ ಕಣ್ಣು ಹಚ್ಚಿದರು. ನಾಲ್ಕು ಎತ್ತು ಎಳೆದವು. ವಿಮಾನ ಅಲುಗಾಡಲಿಲ್ಲ. ಎಲ್ಲರೂ ಉಸಿರು ಬಿಟ್ಟರು, ಚಿಕ್ಕಬೋರಮ್ಮ ಒಬ್ಬರನ್ನು ಬಿಟ್ಟು. ಅವರು ಎತ್ತುಗಳ ಮುಖ ನೋಡಿದರು. ಆಮೇಲೆ ಗುಂಪಿನ ಮುಖ ನೋಡಿದರು.

"ಅನಕೆರೆಯಿಂದ ಮಂಡ್ಯಕ್ಕೆ ಒಂದೇ ಉಸಿರಿಗೆ ಕಬ್ಬು ಎಳ್ದಿರೋ ಎತ್ತು ಕಣ್ರೋ ಇವು" ಎಂದರು.

"ಸುಮ್ನಿರವ್ವಾ" ಅಂದರು ವಹಾಬರು.

"ಸೋಲ್ಬೇಕು ಅಂತ ನೀನು ಎತ್ತಿಗೆ ಏಳಿದ್ದೀಯಾ? ನಂಗೆ ಏಳ್ದೆ. ಅವಕ್ಕೇನ್ ಗೊತ್ತು?" ಎಂದವರೇ ಓಡಿಹೋಗಿ ಮುಂದಿನ ಜೋಡಿಯ ಬಾಲ ಹಿಡಿದು ತಿರುವಿದರು. "ಏಯ್, ಮಾನ ಕಳೀಬ್ಯಾಡ್ರೋ. ಎಳೀರಿ."

ಎತ್ತಿಗೆ ಎತ್ತಲು ಬಾರದಿದ್ದರೂ ಎಳೆಯಲು ಬರುತ್ತದೆ. ನಾಲ್ಕೂ ಕುತ್ತಿಗೆ ತಗ್ಗಿಸಿ ಎಳೆದವು. ವಿಮಾನ ನರಳಿತು, ಜಗ್ಗಿತು, ಎರಡು ಮಾರು ಮುಂದೆ ಬಂತು. ಗುಂಪು ಕೇಕೆ ಹಾಕಿತು. ಚಿಕ್ಕಬೋರಮ್ಮ ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ನೆನಪಾಗಿ ಕೈ ಕೆಳಗಿಳಿಸಿದರು.

ವಹಾಬರು ನೆಲಕ್ಕೆ ಬಿದ್ದು ನೋಡಿದರು. ಸುಣ್ಣದ ಗೆರೆಗಳು ಇದ್ದ ಹಾಗೆಯೇ ಒಂದಕ್ಕೊಂದು ನೇರವಾಗಿದ್ದವು. ಚಕ್ರ ಕೂದಲೆಳೆಯಷ್ಟೂ ತಿರುಗಿರಲಿಲ್ಲ. ಟೈರು ಹೂತು ಗದ್ದೆಯಲ್ಲಿ ಎರಡು ಸಾಲು ಉಳುಮೆಯಾಗಿತ್ತು, ನೇಗಿಲಿಗೂ ಅಷ್ಟು ನೇರ ಬಾರದು.

"ಮುಂದಕ್ಕೆ ಬಂತಲ್ಲ ಸಾಬ್ರೆ" ಎಂದರು ಲಿಂಗಯ್ಯ.

"ಬಂತು. ಚಕ್ರ ತಿರುಗ್ಲಿಲ್ಲ. ಜಾರಿದ್ದು ನೆಲ. ನೆಲಕ್ಕೆ ನಾನು ಇನ್ಸ್‌ಪೆಕ್ಟರಲ್ಲ."

ಹಸಿರು ಚೀಟಿ ತೆಗೆದು ಬರೆದರು. ದೋಷ: ಬ್ರೇಕಿನಲ್ಲಿ ಹರಳೆಣ್ಣೆ, ಎರಡು ಸೇರು. ಕಾರಣ: ಚಿಕ್ಕಬೋರಮ್ಮ, ಕೊಪ್ಪ. ಲಿಂಗಯ್ಯ ಹೆಗಲ ಮೇಲಿಂದ ಓದಿ ಕೈಕೋಳದ ಕಡೆ ಕೈ ಒಯ್ದರು. ಸರಿಪಡಿಸಿದವರು: ಚಿಕ್ಕಬೋರಮ್ಮ, ಕೊಪ್ಪ.

"ಎರಡು ಕಲಮಿಗೂ ಒಂದೇ ಹೆಸರು. ಇಂಥದ್ದಕ್ಕೆ ನಮ್ಮ ಶೆಡ್ಡಲ್ಲಿ ಯಾರೂ ಏನೂ ಕೇಳೋ ಹಾಗಿಲ್ಲ. ರೂಲ್ಸು" ಎಂದರು ವಹಾಬರು. "ನಾನು ಒಂದ್ ಚೊಂಬು ನೀರು ಉಯ್ದಿದ್ರೆ ಮೂರನೇ ಕಲಮಿಗೆ ನನ್ನ ಹೆಸರೂ ಬರೀಬೇಕಾಗ್ತಿತ್ತು."

ಚಿಕ್ಕಬೋರಮ್ಮ ಅವರನ್ನೇ ನೋಡಿದರು. "ಮೊದ್ಲೇ ಏಳೋಕೇನಾಗಿತ್ತು ನಿಂಗೆ? ಅಷ್ಟೊಂದು ಬೈಸ್ಕೊಂಡೆ" ಎಂದು ಇನ್ನೊಂದಿಷ್ಟು ಬೈದರು. ಲಿಂಗಯ್ಯನವರಂತೂ ಅಂದು ಯಾರಿಗಿಂತಲೂ ಜೋರಾಗಿ ನಕ್ಕರು. ವಿಮಾನ ಹಾರಿಹೋಗುವಾಗ ಊರೆಲ್ಲ ಆಕಾಶ ನೋಡಿತು. ವಹಾಬರು ಉಳುಮೆಯ ಸಾಲನ್ನು ನೋಡುತ್ತಿದ್ದರು.

ಬೆಂಗಳೂರಿನಿಂದ ವಿಚಾರಣೆ ಬರುತ್ತದೆಂದು ಲಿಂಗಯ್ಯ ಎರಡು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ಬಂತು. ಹರಳೆಣ್ಣೆಯ ಸುದ್ದಿಯಿಲ್ಲ, ಚಿಕ್ಕಬೋರಮ್ಮನ ಸುದ್ದಿಯಿಲ್ಲ. ವಹಾಬರಿಗೆ ಒಂದೇ ಪ್ರಶ್ನೆ: ಬ್ರೇಕಿನ ಪರೀಕ್ಷೆಗೆ ಬಳಸಿದ ಉಪಕರಣ 'ಎತ್ತು, ನಾಲ್ಕು' ಎಂದು ಚೀಟಿಯ ಹಿಂಬದಿಯಲ್ಲಿ ತೋರಿಸಿದ್ದೀರಿ, ಸದರಿ ಉಪಕರಣಗಳ ತಪಾಸಣಾ ಚೀಟಿ ಕಡತದಲ್ಲಿ ಇಲ್ಲ, ಕೂಡಲೇ ಲಗತ್ತಿಸುವುದು.

ವಹಾಬರು ಇದನ್ನು ತಮಾಷೆ ಎಂದುಕೊಳ್ಳಲಿಲ್ಲ. ನ್ಯಾಯವಾದ ಪ್ರಶ್ನೆ ಎಂದುಕೊಂಡರು. ಮುಂದಿನ ರಜೆಯಲ್ಲಿ ಮಜೀದನ ಸೈಕಲ್ಲು ಕೇಳಿ ಪಡೆದು ಎಂಟು ಮೈಲಿ ತುಳಿದು ಕೊಪ್ಪಕ್ಕೆ ಹೋದರು. ಎತ್ತುಗಳ ಗೊರಸು, ಮಂಡಿ, ಲಾಳ ಎಲ್ಲವನ್ನೂ ಬಗ್ಗಿ ನೋಡಿದರು, ಮಂಡಿಯಿಂದ ಮೇಲಕ್ಕೆ ನೋಡಲಿಲ್ಲ. ಎತ್ತಿಗೊಂದರಂತೆ ಕೊಂಬಿಗೆ ಹಸಿರು ಚೀಟಿ ಕಟ್ಟಿದರು, ಕಡತಕ್ಕೆ ಒಂದೊಂದು ಪ್ರತಿ ಬರೆದುಕೊಂಡರು. ಚಿಕ್ಕಬೋರಮ್ಮ ತಮ್ಮ ಎಮ್ಮೆಯ ಮಜ್ಜಿಗೆ ಕೊಟ್ಟರು. ಒಬ್ಬರಿಗೊಬ್ಬರು ಬೇಕಾದವರ ಹಾಗೆ ಬೈದುಕೊಂಡು ಬೀಳ್ಕೊಂಡರು.

ಊರಾಚೆ ನಾಲೆಯ ಕಡೆಗೆ ಇಳಿಜಾರು. ವಹಾಬರು ಬ್ರೇಕು ಹಿಡಿದರು. ಸೈಕಲ್ಲು ಹಿಡಿಯಲಿಲ್ಲ. ಮೂಗಿಗೆ ಪರಿಚಯದ ವಾಸನೆ ಬಡಿಯಿತು. ನೆಂಟರ ಗಾಡಿ ಕೀಲೆಣ್ಣೆ ಇಲ್ಲದೆ ವಾಪಸು ಹೋಗುವುದು ಕೊಪ್ಪದಲ್ಲಿ ಉಂಟೆ?

ನಾಲೆಯಿಂದ ಎದ್ದು ಬಂದು ಬಟ್ಟೆ ಹಿಂಡಿಕೊಂಡರು. ಚೀಟಿಯ ಕಟ್ಟು ಒದ್ದೆಯಾಗಿತ್ತು, ಪೆನ್ಸಿಲ್ ಬರೆಯುತ್ತಿತ್ತು. ಹ್ಯಾಂಡಲಿಗೆ ಕೆಂಪು ಚೀಟಿ ಕಟ್ಟಿದರು. ಎರಡನೆಯ ಕಲಮಿನ ಹತ್ತಿರ ಸ್ವಲ್ಪ ಹೊತ್ತು ಯೋಚಿಸಿ, ಹೊರಡುವ ಮುಂಚೆ ಬ್ರೇಕು ನೋಡದ ಇನ್ಸ್‌ಪೆಕ್ಟರ್ ಎಂದು ತಮ್ಮ ಹೆಸರನ್ನೇ ದುಂಡಗೆ ಬರೆದರು. ಸೀಗೇಪುಡಿ ಇಲ್ಲದ್ದರಿಂದ ಮೂರನೆಯ ಕಲಂ ಖಾಲಿ ಉಳಿಯಿತು. ಕೆಂಪು ಚೀಟಿಯ ವಾಹನವನ್ನು ಹತ್ತುವಂತಿಲ್ಲ. ಎಂಟು ಮೈಲಿಯೂ ಸೈಕಲ್ಲನ್ನು ತಳ್ಳಿಕೊಂಡೇ ನಡೆದರು.

ಬೀಡಿ ಅಂಗಡಿಯ ಮುಂದೆ ನಿಂತ ಸೈಕಲ್ಲಿನ ಚೀಟಿಯನ್ನು ಮಜೀದ್ ಎರಡು ಸಲ ಓದಿದ. ಎದ್ದು ಅಂಗಡಿಯ ಹಿಂದಿನ ಮನೆಗೆ ಹೋಗಿ ಅಕ್ಕನ ಹತ್ತಿರ ಒಂದು ಹಿಡಿ ಸೀಗೇಪುಡಿ ಇಸಿದುಕೊಂಡು ಬಂದು ಭಾವನ ಕೈಗೆ ಹಾಕಿದ.

"ನೀವೇ ತೊಳೀರಿ, ಭಾವ" ಎಂದ. "ನಾನು ಮುಟ್ಟಂಗಿಲ್ಲ."

ಆ ರಾತ್ರಿಯ ಸಾರಿಗೆ ಉಪ್ಪು ಸರಿಯಾಗಿತ್ತು.