ಡಯೋಡಿನ ಹಣೆ

ಆಯುಧಪೂಜೆ ಮುಗಿದು ತಿಂಗಳಾದರೂ ನಮ್ಮ ಮನೆಯ ಮಿಕ್ಸಿ, ಸ್ಕೂಟರು, ಗ್ಯಾಸ್ ಸ್ಟೌಗಳ ಹಣೆಯ ಮೇಲಿನ ವಿಭೂತಿ, ಕುಂಕುಮ ಮಾಯವಾಗುವುದಿಲ್ಲ. ಮಿಕ್ಸಿಗೆ ಹಣೆ ಯಾವುದೆಂದು ಕೇಳುತ್ತೀರಾ? ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿಯೇ ನಿವೃತ್ತನಾದ ನನಗೆ ಇಂದಿಗೂ ಗೊತ್ತಿಲ್ಲ. ಪಾವಗಡದ ಕಡೆಯಿಂದ ಬಂದ ನನ್ನ ಹೆಂಡತಿಗೆ ನೋಡಿದೊಡನೆ ಗೊತ್ತಾಗುತ್ತದೆ. ಇರಲಿ, ಮಿಕ್ಸಿಯ ವಿಷಯದಲ್ಲಿ ನನಗೆ ತಕರಾರಿಲ್ಲ. ತಕರಾರು ಲೇಸರ್ ಡಯೋಡಿನದು.

ನಿವೃತ್ತರೆಲ್ಲ ಬೆಳಗಿನ ನಡಿಗೆಗೆ ಹೊರಟರೆ ನಾನು ಶಿರಾದ ಗುಜರಿ ಅಂಗಡಿಗೆ ಹೊರಟೆ. ಯಾವುದೋ ಮುರಿದ ಯಂತ್ರದಿಂದ ಕಿತ್ತ, ಕಡಲೆಕಾಳಿನಷ್ಟಿದ್ದ ಮೂರು ಡಯೋಡು ಸಿಕ್ಕವು. ಮೈಮೇಲೆ ಹೆಸರಿಲ್ಲ, ನಂಬರಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಭಾರಿ ಬಲದಿಂದ ಉಗುಳುವ ಜಾತಿಯವೆಂದು ಊಹಿಸಿದೆ. "ಚಾಲೂ ಮಾಲ್ ಸಾಬ್, ನಾನೇ ಖುದ್ದಾಗಿ ನೋಡಿದೀನಿ" ಎಂದ ಅಂಗಡಿಯವನು. ಕಾಣದ ಬೆಳಕನ್ನು ಅವನು ಹೇಗೆ ನೋಡಿದನೆಂದು ಕೇಳದೆ ತಂದ ನನ್ನ ಬುದ್ಧಿಗೆ ಏನು ಹೇಳಲಿ!

ಮೂರು ಕಾಲಿನ ಮೊದಲ ಡಯೋಡು, ಧನ ಯಾವುದು, ಋಣ ಯಾವುದು ಎಂದು ಪತ್ತೆಯಾಗುವ ಮೊದಲೇ ಪ್ರಾಣಬಿಟ್ಟಿತು. ಎರಡನೆಯದರ ಕಾಲನ್ನು ಸರಿಯಾಗಿಯೇ ಹಿಡಿದೆ. ಆದರೆ ವಿದ್ಯುತ್ತನ್ನು ಒಂದೇ ಸಮನೆ ಹರಿಸಿ ಸುಟ್ಟೆ. ಕಾದ ಕಾವಲಿಯನ್ನು ಬೆರಳಿನಿಂದ ಮುಟ್ಟಿ ತಟ್ಟನೆ ತೆಗೆಯುವಂತೆ, ಇದಕ್ಕೆ ವಿದ್ಯುತ್ತನ್ನು ಮಿಡಿತ ಮಿಡಿತವಾಗಿ ಕೊಡಬೇಕು, ಕೊಟ್ಟೊಡನೆ ಕಸಿದುಕೊಳ್ಳಬೇಕು. ಹಾಗೆ ಕೊಡುವ ಸರ್ಕ್ಯೂಟು ಕಟ್ಟಿ, ಉಳಿದಿದ್ದ ಒಂದೇ ಒಂದನ್ನು ಅದರಲ್ಲಿ ಕೂರಿಸಿದೆ. ಎದುರಿನಿಂದ ಇಣುಕಿದರೆ ಕಣ್ಣೇ ಹೋದೀತು. ಆದ್ದರಿಂದ, ಇಂಥ ಬೆಳಕನ್ನು ನೇರಳೆಯಾಗಿ ತೋರಿಸುವ ಮೊಬೈಲ್ ಕ್ಯಾಮೆರಾವನ್ನು ಪಕ್ಕದಿಂದ ಹಿಡಿದೆ. ಏನೂ ಕಾಣಲಿಲ್ಲ. ಇದೂ ಸತ್ತಿತೇ, ಬದುಕಿದೆಯೇ? ತಿಳಿಯದೆ ವಾರಗಟ್ಟಲೆ ಮನೆಮಂದಿಯ ಮೇಲೆಲ್ಲ ರೇಗಾಡಿದೆ.

ಅಷ್ಟರಲ್ಲಿ ಕಳೆದ ವರ್ಷದ ಆಯುಧಪೂಜೆ ಬಂತು. ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಡಯೋಡಿನ ಗಾಜಿನ ಕಿಂಡಿಯ ಮೇಲೆಯೇ ವಿಭೂತಿ! ಮನೆ ಹಾರಿಹೋಗುವಂತೆ ಕೂಗಾಡಿದೆ.

"ಎಲ್ಲಾ ಸಾಮಾನಿಗೂ ಇಟ್ಟೆ ಕಣ್ರೀ, ಅದೊಂದನ್ನ ಬುಟ್ರೆ ಹೆಂಗೆ?" ಎಂದಳು ಹೆಂಡತಿ. "ಪೂಜೆ ಮಾಡ್ದೆ ಶುರು ಮಾಡುದ್ರಿ, ಅದ್ಕೇ ಎರಡು ಹೋದ್ವು."

ಒರೆಸಿದರೆ ಗೀರು ಬಿದ್ದೀತು. ಅಳುವುದೊಂದು ಬಾಕಿ. ಹೋದರೆ ಹೋಗಲೆಂದು ಸಿಟ್ಟಿನಲ್ಲೇ ಸ್ವಿಚ್ಚು ಒತ್ತಿ, ಪಕ್ಕದಿಂದ ಮೊಬೈಲ್ ಹಿಡಿದರೆ, ವಿಭೂತಿ ನೇರಳೆಯಾಗಿ ಹೊಳೆಯುತ್ತಿದೆ! ಇಷ್ಟು ದಿನ ನೇರವಾಗಿ ಓಡಿಹೋಗುತ್ತಿದ್ದ ಬೆಳಕು ಬೂದಿಗೆ ತಾಗಿ, ಚೆದುರಿ, ಪಕ್ಕಕ್ಕೂ ಬಂದಿತ್ತು. ನನ್ನ ಡಯೋಡು ಮೊದಲಿನಿಂದಲೂ ಬದುಕಿಯೇ ಇತ್ತು. ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ.

"ನೋಡುದ್ರಾ? ಈಬೂತಿ ಇಟ್ಮೇಲೇ ಹತ್ಕಂಡಿದ್ದು!"

ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಭೌತಶಾಸ್ತ್ರವೂ ಅವಳ ಪಕ್ಷ ಸೇರಿಬಿಟ್ಟಿತ್ತು. ಬೆಳಕಿನ ಚೆದುರುವಿಕೆಯ ಬಗ್ಗೆ ನನ್ನ ಉಪನ್ಯಾಸ ಮುಗಿಯುವ ಮೊದಲೇ ಅವಳು ಬಲಸಮುದ್ರದಲ್ಲಿರುವ ತನ್ನ ತಂಗಿಗೆ ಫೋನು ಹಚ್ಚಿ ಪವಾಡವನ್ನು ವರ್ಣಿಸುತ್ತಿದ್ದಳು. ಕಾಣದ್ದು ಕಾಣಬೇಕಾದರೆ ಅಡ್ಡಕ್ಕೆ ಏನಾದರೂ ಇರಬೇಕೆಂದು ನಾನು ಎಷ್ಟು ವರ್ಷ ಪಾಠ ಮಾಡಿದ್ದೆನೋ! ಆ ಅಡ್ಡ ನನ್ನ ಹೆಂಡತಿಯೇ ಆದಾಳೆಂದು ಮಾತ್ರ ಹೊಳೆದಿರಲಿಲ್ಲ.

ಈ ವರ್ಷ ಅವಳು ಮಿಕ್ಸಿಯ ಹಣೆ ಮುಗಿಸಿ, ತಟ್ಟೆ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಹೋದ ವರ್ಷದ ಕೂಗಾಟ ನೆನಪಾಯಿತೇನೋ, ಹಾಗೇ ಮುಂದೆ ಹೊರಟಳು. ನನಗೇ ತಡೆದುಕೊಳ್ಳಲಾಗಲಿಲ್ಲ.

"ಇದಕ್ಕೂ ಇಡು ಕಣೇ" ಎಂದೆ. "ಕುಂಕುಮ ಬೇಡ, ವಿಭೂತಿ, ತೆಳ್ಳಗೆ. ಅಲ್ಲಲ್ಲ, ಅಲ್ಲಿ ಅಲ್ಲ. ಆ ಕಿಂಡೀನೇ ಅದರ ಹಣೆ."