ಮೂಗಿದ್ದ ಬದನೆಕಾಯಿ

ಐವತ್ತರ ದಶಕದಲ್ಲಿ ನಾವು ಜೋಗೇಶ್ವರಿಯ ಚಾಳಿನಲ್ಲಿದ್ದೆವು. ಧಾರವಾಡ ಬಿಟ್ಟು ಬಂದರೂ ಅವ್ವ ಎಣ್ಣೆಗಾಯಿ ಬಿಟ್ಟಿರಲಿಲ್ಲ. ಬದನೆಕಾಯಿ ಎಂದರೆ ಮೂಗು ಮುರಿಯುತ್ತಿದ್ದವರು ಮಕ್ಕಳಾದ ನಾವು ಮೂವರು.

ಒಂದು ಭಾನುವಾರ, ಬಾಗಿಲಿಗೆ ಬರುವ ಭಾಜಿವಾಲಿಯ ಬುಟ್ಟಿಯಲ್ಲಿ ಸೊಟ್ಟಂಬಟ್ಟ ಬದನೆಕಾಯಿಗಳಷ್ಟೇ ಉಳಿದಿದ್ದವು. ಅವುಗಳಲ್ಲಿ ಒಂದಕ್ಕೆ ಮೂಗಿತ್ತು! ಉದ್ದನೆಯ, ತುದಿಯಲ್ಲಿ ಬಾಗಿದ, ಥೇಟ್ ನಮ್ಮ ಅಪ್ಪನ ಮೂಗು. ನಾವು ನಕ್ಕು ನಕ್ಕು ನೆಲದ ಮೇಲೆ ಉರುಳಾಡಿದೆವು.

ಎಣ್ಣೆಗಾಯಿಗೆ ಬದನೆಕಾಯಿಯನ್ನು ಇಡಿಯಾಗಿಯೇ ತುಂಬುತ್ತಾರಲ್ಲ, ಹಾಗಾಗಿ ಬೆಂದ ಮೇಲೂ ಮೂಗು ಮೂಗಾಗಿಯೇ ಉಳಿಯಿತು. "ಮೂಗು ನಂಗ!" "ಇಲ್ಲ, ನಂಗ!" ಎಂದು ಕಿತ್ತಾಡುತ್ತಲೇ ಉಳಿದವುಗಳಲ್ಲಿ ಕಿವಿ, ಗಲ್ಲ, ಗೂನುಬೆನ್ನು ಹುಡುಕಿ ಹುಡುಕಿ ತಿಂದೆವು. ದುಂಡಗೆ, ಚೆಂದಗೆ ಇರುವ ಬದನೆಕಾಯಿ ಇಂಥ ಪವಾಡ ಎಂದಾದರೂ ಮಾಡಿದ್ದುಂಟೇ? ಮೂಗಿನದು ಮಾತ್ರ, ಜಗಳ ತೀರದೆ, ಪಾತ್ರೆಯಲ್ಲೇ ಉಳಿಯಿತು.

ನಮ್ಮ ನಗೆಯ ಗುಟ್ಟು ತಿಳಿಯದ ಅಪ್ಪ ತಟ್ಟೆ ಮುಂದೆ ಚಾಚಿದ. "ಸಾಕು ನಿಮ್ಮ ಗದ್ದಲ. ಆ ಮೂಗು ನನಗ ಹಾಕು."

ಅವ್ವ ಸೌಟು ಎತ್ತಿ ಹಿಡಿದು ಅವನ ಮುಖವನ್ನೇ ನೋಡಿದಳು.

"ಇರೂದು ಸಾಲೂದಿಲ್ಲೇನ್ರೀ?"